ಕಡ್ಡಿಯಿಲ್ಲದ ಗೂಡು

ಪಡುವಣ ಕಡಲಿನ ದಂಡೆಯ ಮೇಲೆ ಅಳಿವೆಕೋಟೆ ಅಂತ ಒಂದು ರಾಜ್ಯ. ದೊಡ್ಡ ರಾಜ್ಯವೇನಲ್ಲ. ಬೆಳಿಗ್ಗೆ ಗಂಜಿ ಉಂಡು ಹೊರಟವನು ರಾತ್ರಿಯ ಗಂಜಿಗೆ ಪರರಾಜ್ಯದಲ್ಲಿರುತ್ತಿದ್ದ. ಆದರೆ ಅಲ್ಲಿಯವರ ಹೆಮ್ಮೆ ಇತ್ತಲ್ಲ, ಅದು ಮಾತ್ರ ಏಳು ರಾಜ್ಯಕ್ಕೆ ಹಂಚಿದರೂ ಮಿಗುತ್ತಿತ್ತು.

"ನಿಮ್ಮ ಅರಸರಿಗೆ ಆನೆ ಎಷ್ಟು?" ಅಂತ ಪರವೂರಿನವರು ಕೇಳಿದರೆ ಅಳಿವೆಕೋಟೆಯವರು ಕಡಲಿನ ಕಡೆ ಗದ್ದ ಎತ್ತಿ, "ಆನೆ ಯಾರಿಗೆ ಬೇಕು ಮಾರಾಯ್ರೆ? ನಮಗೆ ರೀವ ಉಂಟು" ಅನ್ನುತ್ತಿದ್ದರು.

ರೀವ ಅಂದರೆ ಕಡಲ ಹಕ್ಕಿ. ಹಾಲಿನಂಥ ಹೊಟ್ಟೆ, ಬೆನ್ನಿಗೆ ಬೂದಿ ಬಣ್ಣದ ಶಾಲು, ತಲೆಗೆ ಕಪ್ಪು ಮುಂಡಾಸು. ಹಿಂದಲೆಯ ಪುಕ್ಕ ಮಾತ್ರ ಎಣ್ಣೆ ಕಾಣದ ಜುಟ್ಟಿನ ಹಾಗೆ ಕೆದರಿಕೊಂಡಿರುತ್ತದೆ. ಬೇಸಿಗೆ ಬಂತೆಂದರೆ ಸಾವಿರ ಸಾವಿರ ರೀವಗಳು ಎಲ್ಲಿಂದಲೋ ಹಾರಿ ಬಂದು, ದಂಡೆಗೆ ಎದುರಾಗಿರುವ ಬೋಳುಕಲ್ಲು ಎಂಬ ನಡುಗಡ್ಡೆಯಲ್ಲಿ ಇಳಿಯುತ್ತಿದ್ದವು. ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆ ಬಲವಾಗುವ ಮೊದಲು ಮರಿಗಳನ್ನು ಕರೆದುಕೊಂಡು ಹೊರಟುಹೋಗುತ್ತಿದ್ದವು. ಅವು ಇರುವಷ್ಟು ಕಾಲ ಮೀನುಗಾರರಿಗೆ ಹಬ್ಬ. ರೀವ ಎಲ್ಲಿ ನೀರಿಗೆ ಎರಗಿತೋ ಅಲ್ಲಿ ಬಲೆ ಬಿಟ್ಟರಾಯಿತು.

ಹಿಂದೊಮ್ಮೆ ಅರಸರ ಅಜ್ಜನ ಅಜ್ಜ ನಡುಗಡಲಿನಲ್ಲಿ ದಿಕ್ಕು ತಪ್ಪಿದರಂತೆ. ಆಗ ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು ನೆಟ್ಟಗೆ ಹಾರುತ್ತಿದ್ದ ಒಂದು ರೀವದ ಹಿಂದೆಯೇ ದೋಣಿ ಬಿಡಿಸಿದರಂತೆ. ಮೀನನ್ನು ನುಂಗದೆ ಕಚ್ಚಿಕೊಂಡ ಹಕ್ಕಿ ಮರಿ ಇದ್ದಲ್ಲಿಗೇ ಹೋಗಬೇಕಲ್ಲ? ಬದುಕಿ ಬಂದು ದಂಡೆಗೆ ಕಾಲಿಟ್ಟವರೇ ಒಂದು ಕಟ್ಟಳೆ ಮಾಡಿದರು: "ಗೂಡಿದ್ದಲ್ಲಿ ಗುದ್ದಲಿ ಇಲ್ಲ." ಹಕ್ಕಿಯ ಗೂಡಿರುವ ನೆಲವನ್ನು ಯಾರೂ ಅಗೆಯಬಾರದು, ಅರಸನೇ ಆದರೂ ಸರಿ.

ಕಟ್ಟಳೆ ಮಾಡಿದರೆ ಸಾಕೆ? ನೋಡಿಕೊಳ್ಳಲು ಜನ ಬೇಡವೆ? ಅದಕ್ಕೊಂದು ಹುದ್ದೆ ಇತ್ತು, ಹಕ್ಕಿ ಪಾರುಪತ್ಯ ಅಂತ. ನಮ್ಮ ಕಥೆಯ ಕಾಲಕ್ಕೆ ಆ ಹುದ್ದೆ ಮೂಕಕ್ಕನದು. ದೇವಿ ಮೂಕಾಂಬೆಯ ಹೆಸರಿಟ್ಟದ್ದು, ಊರ ಬಾಯಲ್ಲಿ ಮೂಕಕ್ಕ ಆಯಿತು. ಹೆಸರು ಮೂಕಕ್ಕ, ಬಾಯಿ ಊರಗಲ. ಅವಳು ದಂಡೆಯಲ್ಲಿ ನಿಂತು ಮಗಳನ್ನು ಕರೆದರೆ ನಡುನೀರಿನ ದೋಣಿಯವರು "ಓ" ಅನ್ನುತ್ತಿದ್ದರು. ಆದರೆ ಬೋಳುಕಲ್ಲಿಗೆ ಕಾಲಿಟ್ಟಳೆಂದರೆ ತುಟಿ ಪಿಟ್ಟೆನ್ನುತ್ತಿರಲಿಲ್ಲ.

ಮಳೆಗಾಲದಲ್ಲಿ ನಾಟಿ ಮಾಡುವ ಹೆಂಗಸರು ತಲೆಗೂ ಬೆನ್ನಿಗೂ ಕವುಚಿಕೊಳ್ಳುವ ಎಲೆಯ ಗೊರಬು ಇದೆಯಲ್ಲ, ಅದನ್ನು ಮೂಕಕ್ಕ ಉರಿಬಿಸಿಲಿನಲ್ಲಿ ಹೊತ್ತು ದೋಣಿ ಹತ್ತುತ್ತಿದ್ದಳು.

"ಎಂತ ಮೂಕಕ್ಕ, ಇವತ್ತು ಮಳೆ ಬರ್ತದಾ?" ಅಂತ ನಗುವವರು ನಗುತ್ತಿದ್ದರು.

"ಬರ್ತದೆ. ಹಿಕ್ಕೆಯ ಮಳೆ" ಅನ್ನುತ್ತಿದ್ದಳು ಅವಳು.

ನಡುಗಡ್ಡೆಯ ಅಂಚಿನಲ್ಲಿ ಗೊರಬು ಕವುಚಿಕೊಂಡು ಕೂತರೆ ಕೂತಳೇ. ಹಕ್ಕಿಗಳಿಗೆ ಅದೂ ಒಂದು ಬಂಡೆ. ಕೆಲವು ಅದರ ಮೇಲೆಯೇ ಬಂದು ಕೂತು ಪುಕ್ಕ ತೀಡಿಕೊಳ್ಳುತ್ತಿದ್ದವು. ಅವಳು ಗೊರಬಿನ ಸಂದಿಯಿಂದ ನೋಡುತ್ತಿದ್ದಳು. ಗಂಡು ಮೀನು ತಂದು ಹೆಣ್ಣಿನ ಸುತ್ತ ಹೇಗೆ ಮೆರೆಯುತ್ತದೆ, ಹೆಣ್ಣು ಪಕ್ಕದ ಮನೆಯವಳ ಕೊಕ್ಕು ತಾಗದಷ್ಟೇ ದೂರದಲ್ಲಿ ಹೇಗೆ ಕೂರುತ್ತದೆ, ಬಿಸಿಲೇರಿದಾಗ ಮೊಟ್ಟೆಯ ಮೇಲೆ ಎದ್ದು ನಿಂತು ಹೇಗೆ ನೆರಳು ಮಾಡುತ್ತದೆ, ಕಡಲಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿ ತಂದು ಮೊಟ್ಟೆಯನ್ನು ಹೇಗೆ ತಣಿಸುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಹಕ್ಕಿಗಳು ಹೊರಟುಹೋದ ಮೇಲೆ ಆಸ್ಥಾನಕ್ಕೆ ಬಂದು, ತಲೆಯೆತ್ತಿ ನಿಂತು, ಆ ವರ್ಷದ ಹಕ್ಕಿ ವರ್ತಮಾನ ಹೇಳುತ್ತಿದ್ದಳು. ಸೇನಾಪತಿಯ ವರ್ತಮಾನಕ್ಕೆ ಆಕಳಿಸುವ ಅರಸ ನಾಗರಸರು ಮೂಕಕ್ಕನ ವರ್ತಮಾನಕ್ಕೆ ಸಿಂಹಾಸನದ ತುದಿಗೆ ಬಂದು ಕೂರುತ್ತಿದ್ದರು.

ಇಷ್ಟು ಚೆನ್ನಾಗಿದ್ದರೆ ಕಥೆ ಎಲ್ಲಿಂದ ಹುಟ್ಟಬೇಕು? ಆ ರಾಜ್ಯಕ್ಕೊಬ್ಬ ಪ್ರಧಾನಿ ಇದ್ದ, ಸಿಂಗಣಯ್ಯ ಅಂತ. ಬುದ್ಧಿ ಬಹಳ, ಬೆವರು ಅದಕ್ಕಿಂತ ಬಹಳ. ಬೇಸಿಗೆ ಬಂದರೆ ಅವನಿಗೆ ಪ್ರಾಣಸಂಕಟ. ತಂಪಾದ ಜಾಗದಲ್ಲಿ ಒಂದು ಗಾಳಿಮಹಲು ಕಟ್ಟಿಸಬೇಕು ಅಂತ ಹೊರಟ. ಗುಡ್ಡದ ಮೇಲೆ ಹೋಗಿ ನೋಡಿದ, ಗಾಳಿ ಇತ್ತು, ಬಾವಿಗೆ ನೀರಿರಲಿಲ್ಲ. ಹೊಳೆಯ ಬದಿಗೆ ಹೋಗಿ ನೋಡಿದ, ನೀರಿತ್ತು, ಸೊಳ್ಳೆ ಹೊತ್ತುಕೊಂಡು ಹೋಗುವಷ್ಟಿತ್ತು. ಕಡಲ ದಂಡೆಗೆ ಹೋಗಿ ನೋಡಿದ, ಗಾಳಿಯಿತ್ತು, ಸೊಳ್ಳೆಯಿರಲಿಲ್ಲ, ಆದರೆ ಒಣಮೀನಿನ ವಾಸನೆಗೆ ಮೂಗು ಮುಚ್ಚಿದ ಕೈ ತೆಗೆಯಲಾಗಲಿಲ್ಲ. ಮೂಗು ಮುಚ್ಚಿಕೊಂಡೇ ತಲೆಯೆತ್ತಿದ. ಎದುರಿಗೆ ಬೋಳುಕಲ್ಲು ಕಂಡಿತು.

ಮಾರನೆಯ ದಿನವೇ ದೋಣಿ ಮಾಡಿಕೊಂಡು ಹೋದ. ನೆತ್ತಿ ಸುಡುವ ಹೊತ್ತಿನಲ್ಲಿ ಚಪ್ಪಾಳೆ ತಟ್ಟಿಕೊಂಡು ಹತ್ತಿದ. ಹಕ್ಕಿಗಳೆಲ್ಲ ಕಿರುಚುತ್ತ ಮೇಲೆದ್ದವು. ಅವನು ಬಗ್ಗಿ ನೋಡಿದ. ನೆಲದ ಗರಸಿನ, ಸಣ್ಣ ಕಲ್ಲುಹರಳಿನ ಮೇಲೆ ಮೊಟ್ಟೆ, ಮೊಟ್ಟೆ, ಮೊಟ್ಟೆ. ಹುಲ್ಲಿಲ್ಲ. ನಾರಿಲ್ಲ. ಒಂದೇ ಒಂದು ಕಡ್ಡಿಯಿಲ್ಲ. ಸಿಂಗಣಯ್ಯನ ಮುಖ ಹುಣ್ಣಿಮೆಯಾಯಿತು. ಅವನು ಇಳಿದು ಬರುವಷ್ಟರಲ್ಲಿ ಅವನು ನಿಂತಿದ್ದ ಮೂಲೆಯ ಮೊಟ್ಟೆಗಳು ಬಿಸಿಲಿಗೆ ಬೆಂದುಹೋಗಿದ್ದವು. ಅದು ಅವನಿಗೆ ಗೊತ್ತಾಗಲಿಲ್ಲ, ಗೊತ್ತಾಗಿದ್ದರೂ ಅವನಿಗೇನು?

ಆಸ್ಥಾನಕ್ಕೆ ಬಂದು ಕೈಮುಗಿದ. "ಒಡೆಯರೇ, ಹಿರಿಯರ ಕಟ್ಟಳೆಗೆ ನನ್ನ ತಲೆ ಬಾಗಿದೆ. ಆದರೆ ಕಟ್ಟಳೆ ಇರುವುದು ಗೂಡಿಗೆ. ಕಾಗೆ ಕಟ್ಟುವುದು ಗೂಡು. ಗೀಜಗ ನೇಯುವುದು ಗೂಡು. ಈ ರೀವಗಳು ಬರಿಯ ಬಂಡೆಯ ಮೇಲೆ ಮೊಟ್ಟೆ ಉದುರಿಸಿ ಕೂರುತ್ತವೆ. ಬೋಳುಕಲ್ಲಿನಲ್ಲಿ ಗೂಡಿಲ್ಲ. ಗೂಡಿಲ್ಲದಲ್ಲಿ ಗುದ್ದಲಿ ಹಾಕಲು ಅಪ್ಪಣೆಯಾಗಲಿ."

ಮೂಕಕ್ಕನನ್ನು ಕರೆಸಿದರು. ಬೆಂದ ಮೊಟ್ಟೆಗಳನ್ನು ನೋಡಿ ಬಂದಿದ್ದ ಅವಳ ಹೊಟ್ಟೆಯೂ ಬೆಂದಿತ್ತು.

"ಗೂಡಿಲ್ಲವಾ? ಪಾರುಪತ್ಯ ನನ್ನದು, ನಾನು ಹೇಳ್ತೇನೆ, ಅಲ್ಲಿ ಸಾವಿರ ಗೂಡು ಉಂಟು!"

"ಒಂದು ತೋರಿಸು ಸಾಕು" ಎಂದ ಸಿಂಗಣಯ್ಯ. "ತೋರಿಸಿದರೆ ನಾನು ಪ್ರಧಾನಿ ಪಟ್ಟ ಬಿಡುತ್ತೇನೆ. ತೋರಿಸದಿದ್ದರೆ ನೀನು ಪಾರುಪತ್ಯ ಬಿಟ್ಟು ನನ್ನ ಮಹಲಿಗೆ ಕಲ್ಲು ಹೊರಬೇಕು. ಆದೀತೋ?"

"ಆದೀತು!" ಅಂದುಬಿಟ್ಟಳು ಮೂಕಕ್ಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ನಡೆಯುವಾಗ ಅವಳ ಎದೆ ಕುಸಿಯಿತು. ಕಡ್ಡಿಯಿಲ್ಲ ಅನ್ನುವುದು ನಿಜ. ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಅವಳ ಅಜ್ಜಿ ನೋಡಿದ ಹಕ್ಕಿ, ಅವಳ ಅವ್ವ ನೋಡಿದ ಹಕ್ಕಿ, ಅವಳು ಹುಟ್ಟಿದಂದಿನಿಂದ ನೋಡಿದ ಹಕ್ಕಿ. ಒಂದು ಮಾತಿಗೆ ಸೋತು ಅವುಗಳ ಮನೆ ಕಳೆಯುವ ಹಾಗಾಯಿತಲ್ಲ ಅಂತ ದಾರಿಯುದ್ದಕ್ಕೂ ಅತ್ತಳು. ಅತ್ತರೂ ಎರಡು ಕಟ್ಟಪ್ಪಣೆ ಮಾಡಿಯೇ ಬಂದಿದ್ದಳು. ಗೂಡು ನೋಡಲು ಅರಸರು ಬೆಳಕು ಹರಿಯುವ ತಂಪಿನಲ್ಲೇ ಬೋಳುಕಲ್ಲಿಗೆ ಬರಬೇಕು. ನಡುಗಡ್ಡೆಯಲ್ಲಿ ಯಾರೂ ಪಿಸುಮಾತಿಗಿಂತ ಗಟ್ಟಿಯಾಗಿ ಮಾತಾಡಬಾರದು.

ಮಾರನೆಯ ಬೆಳಿಗ್ಗೆ ಅರಸರ ದೋಣಿ ಹೊರಟಿತು. ಅದರ ಹಿಂದೆ ಇನ್ನೊಂದು ದೋಣಿ. ಅದರಲ್ಲಿ ಸಿಂಗಣಯ್ಯ ಮುಂಚಿತವಾಗಿಯೇ ಗೊತ್ತುಮಾಡಿದ್ದ ಕಲ್ಲುಕುಟಿಗರು, ಅವರ ಯಜಮಾನ ನಾರ್ಣಾಚಾರಿ, ಗುದ್ದಲಿ, ಉಳಿ, ಸುತ್ತಿಗೆ. ದಂಡೆಯಲ್ಲಿ ಮೀನುಗಾರರು ಒಬ್ಬರೂ ಬಲೆ ಮುಟ್ಟದೆ ನಿಂತಿದ್ದರು.

ಬೋಳುಕಲ್ಲಿನ ಅಂಚಿನಲ್ಲೊಂದು ಬಂಡೆಯ ಮರೆ. ಅಲ್ಲಿಗೆ ಎಲ್ಲರೂ ತೆವಳಿಕೊಂಡೇ ಹೋದರು. ಸಿಂಗಣಯ್ಯನ ಹೊಟ್ಟೆ ಗರಸಿಗೆ ಉಜ್ಜಿ ಉಜ್ಜಿ ಪಂಚೆ ಹರಿಯಿತು. ಮೂಕಕ್ಕ ತನ್ನ ಗೊರಬನ್ನು ಅರಸರ ಮೇಲೆ ಕವುಚಿ, ಕಿವಿಯಲ್ಲಿ ಹೇಳಿದಳು: "ಒಡೆಯಾ, ಈಗ ನೀವು ಅರಸರಲ್ಲ. ಕಲ್ಲು. ಕಲ್ಲು ಕೆಮ್ಮುವುದಿಲ್ಲ."

ನಾಗರಸರು ಕಲ್ಲಾದರು. ಕೈಯಳತೆಯಲ್ಲಿ ಹಕ್ಕಿಯ ಪಕ್ಕ ಹಕ್ಕಿ ಕೂತಿದ್ದವು. ಅಷ್ಟು ಹತ್ತಿರದಿಂದ ಅವರು ಎಂದೂ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಆದರೂ ಬಂದ ಕೆಲಸ ಮರೆಯಲಿಲ್ಲ. ಕಡ್ಡಿ ಹುಡುಕಿದರು, ಕಡ್ಡಿಯಿರಲಿಲ್ಲ.

"ಕಂಡಿತೇ ಒಡೆಯರೇ, ಗೂಡು?" ಸಿಂಗಣಯ್ಯ ಪಿಸುಗುಟ್ಟಿದ.

"ಕಾಣಲಿಲ್ಲ" ಅಂದರು ಅರಸರು.

"ಅಷ್ಟೇ ಅಲ್ಲ. ಮನೆ ಅಂದಮೇಲೆ ಒಡೆಯ ಇರಬೇಕು. ಇಲ್ಲಿ ಯಾವ ಮೊಟ್ಟೆ ಯಾರದು? ಸಂತೆಯಲ್ಲಿ ಸುರಿದ ಬದನೆಕಾಯಿ. ಯಾರು ಬೇಕಾದರೂ ಯಾವುದರ ಮೇಲೆ ಬೇಕಾದರೂ ಕೂರುತ್ತಾರೆ."

ಮೂಕಕ್ಕನ ಹುಬ್ಬು ಮೇಲೇರಿತು. "ಒಡೆಯಾ, ಎಡಗಡೆಯ ಒಂಟಿ ಮೊಟ್ಟೆ ನೋಡಿ. ಮೇಲೆ ಕಾಡಿಗೆ ಗೀರು ಉಂಟು. ಅದರ ಪಕ್ಕದ್ದಕ್ಕೆ ಚುಕ್ಕಿ. ಅದರಾಚೆಯದ್ದು ಮಣ್ಣಿನ ಬಣ್ಣ. ಒಂದರ ಹಾಗೆ ಒಂದಿಲ್ಲ. ಗೀರಿನ ಮೊಟ್ಟೆಯ ತಾಯಿ ಮೀನು ಹಿಡಿಯಲು ಹೋಗಿದ್ದಾಳೆ. ಬರಲಿ, ಕಾಯಿರಿ."

ಕಾದರು. ಕಡಲಿನ ಕಡೆಯಿಂದ ಒಂದು ರೀವ ಬಂತು. ಸಾವಿರ ಹಕ್ಕಿಗಳ ಗದ್ದಲದ ಮೇಲೆ ಒಂದು ಸುತ್ತು ಹೊಡೆಯಿತು, ಚುಕ್ಕಿಯ ಮೊಟ್ಟೆ ದಾಟಿತು, ಮಣ್ಣಿನ ಬಣ್ಣದ್ದು ದಾಟಿತು, ಗೀರಿನ ಮೊಟ್ಟೆಯ ಮುಂದೆ ಇಳಿದು ಅದನ್ನು ಕೊಕ್ಕಿನಿಂದ ಮೆಲ್ಲಗೆ ಸರಿಪಡಿಸಿ ಕೂತಿತು. ಇನ್ನೊಂದು ಬಂತು. ಅದೂ ತನ್ನದಕ್ಕೇ ಹೋಯಿತು. ಮತ್ತೊಂದು ಬಂತು. ದಾರಿ ತಪ್ಪಿ ಪಕ್ಕದವಳ ಅಂಗಳಕ್ಕೆ ಕಾಲಿಟ್ಟದ್ದಕ್ಕೆ ಕುಟುಕಿಸಿಕೊಂಡು, ತನ್ನ ಜಾಗಕ್ಕೇ ಹೋಯಿತು.

"ಅಬ್ಬಾ!" ಅಂದರು ಗೊರಬಿನೊಳಗಿನ ಅರಸರು. "ನನ್ನ ಅರಮನೆಯಲ್ಲಿ ನಾನೇ ಬಾಗಿಲು ತಪ್ಪುತ್ತೇನೆ." ಮತ್ತೆ ನಿಟ್ಟುಸಿರು ಬಿಟ್ಟರು. "ಆದರೆ ಮೂಕಕ್ಕ, ಹಿರಿಯರ ಮಾತು ಗೂಡು ಅಂತಿದೆ. ಮೊಟ್ಟೆ ಅಂತಿಲ್ಲ, ತಾಯಿ ಅಂತಿಲ್ಲ. ಆ ಮಾತನ್ನು ನನಗೆ ಬೇಕಾದ ಹಾಗೆ ಹಿಗ್ಗಿಸಿದರೆ ನಾಳೆ ಇನ್ನೊಬ್ಬ ತನಗೆ ಬೇಕಾದ ಹಾಗೆ ಕುಗ್ಗಿಸುತ್ತಾನೆ. ಗೂಡು ತೋರಿಸು ತಾಯಿ."

ಮೂಕಕ್ಕನ ಊರಗಲದ ಬಾಯಿ ಒಣಗಿಹೋಯಿತು.

ಸಿಂಗಣಯ್ಯನಿಗೆ ಇನ್ನೇನು ಬೇಕು? ಗೆದ್ದೆ ಅಂದುಕೊಂಡ. ಗೆದ್ದವನು ಬಾಯಿ ಮುಚ್ಚಿಕೊಂಡಿರಬೇಕು, ಅದು ಅವನಿಗೆ ಯಾರೂ ಕಲಿಸಿರಲಿಲ್ಲ. ನಾರ್ಣಾಚಾರಿಯನ್ನು ಕೈಸನ್ನೆ ಮಾಡಿ ಕರೆದ. ಪಿಸುದನಿಯಲ್ಲೇ ಮಹಲು ಕಟ್ಟತೊಡಗಿದ. "ಆಚಾರಿ, ಇಲ್ಲಿ ಹಜಾರ ಬರಲಿ. ಅಲ್ಲಿ ಉಯ್ಯಾಲೆ. ಕಡಲಿನ ಕಡೆಯ ಗೋಡೆಯುದ್ದಕ್ಕೂ ಸಾಲಾಗಿ ಗೂಡು ಮಾಡು. ಗೂಡಿಗೊಂದು ದೀಪ ಇಡಿಸುತ್ತೇನೆ. ದಂಡೆಯಿಂದ ನೋಡಿದವರ ಕಣ್ಣು ಕೋರೈಸಬೇಕು."

ಮೂಕಕ್ಕನ ಕಿವಿ ನೆಟ್ಟಗಾಯಿತು.

"ಎಂತ ಮಾಡಬೇಕು ಅಂದ್ರಿ, ಪ್ರಧಾನಿಗಳೇ?"

"ಗೂಡು. ದೀಪದ ಗೂಡು. ನಿನ್ನ ಮನೆಯ ಗೋಡೆಯಲ್ಲಿ ಇಲ್ಲವೇ?"

"ಉಂಟು, ಉಂಟು." ಮೂಕಕ್ಕ ಆಚಾರಿಯ ಕಡೆ ತಿರುಗಿದಳು. "ಆಚಾರಿಗಳೇ, ದೀಪದ ಗೂಡು ಮಾಡಬೇಕಾದರೆ ಎಂತೆಲ್ಲ ಇಡ್ತೀರಿ? ಹುಲ್ಲು? ನಾರು? ಕಡ್ಡಿ?"

ಮುದುಕ ನಾರ್ಣಾಚಾರಿಗೆ ನಗು ಬಂತು. "ಇಡೂದೆಂತ ಅಕ್ಕ? ಗೂಡಿಗೆ ಏನೂ ಇಡೂದಿಲ್ಲ, ತೆಗೆಯೂದು. ಕಲ್ಲನ್ನು ಇಷ್ಟು ತೆಗೆದರೆ ಕುಳಿಯಾಗ್ತದೆ. ಅದೇ ಗೂಡು."

"ಒಡೆಯಾ, ಕೇಳಿದಿರಾ?" ಮೂಕಕ್ಕ ಅರಸರ ಕಿವಿಗೆ ಬಾಗಿದಳು. "ಈಗ ನೆಟ್ಟಗೆ ಮುಂದೆ ನೋಡಿ. ತಡವಾಗಿ ಬಂದ ಒಂದು ಹೆಣ್ಣು ಉಂಟು, ಇನ್ನೂ ಮೊಟ್ಟೆ ಇಟ್ಟಿಲ್ಲ. ಅದು ಎಂತ ಮಾಡ್ತಾ ಉಂಟು ಹೇಳಿ."

ಅರಸರು ನೋಡಿದರು. ಆ ಹಕ್ಕಿ ಎದೆಯನ್ನು ಗರಸಿಗೆ ಒತ್ತಿ ಗಿರಗಿರನೆ ತಿರುಗುತ್ತಿತ್ತು. ಕಾಲಿನಿಂದ ಹಿಂದಕ್ಕೆ ಗರಸು ಚಿಮ್ಮುತ್ತಿತ್ತು. ಮತ್ತೆ ತಿರುಗಿತು, ಮತ್ತೆ ಚಿಮ್ಮಿತು. ಎದ್ದು ನಿಂತಾಗ ಅಲ್ಲೊಂದು ಪುಟ್ಟ ಕುಳಿ. ಒಂದು ಮೊಟ್ಟೆ ಉರುಳದೆ ಕೂರುವಷ್ಟೇ ಕುಳಿ. ಅರಸರ ಕಣ್ಣು ಈಗ ಎಲ್ಲ ಹಕ್ಕಿಗಳ ಅಡಿಗೂ ಹೋಯಿತು. ಮೊಟ್ಟೆಯ ಅಡಿಯಲ್ಲೆಲ್ಲ ಕುಳಿಗಳಿದ್ದವು. ಅಷ್ಟು ಹೊತ್ತು ಅವರು ಇಲ್ಲದ ಕಡ್ಡಿಯನ್ನು ಹುಡುಕುತ್ತಿದ್ದರು, ಇದ್ದ ಕುಳಿಯನ್ನು ನೋಡಿರಲಿಲ್ಲ.

"ಕಲ್ಲು ತೆಗೆಯುತ್ತಿದೆ!" ಅಂದರು ಅರಸರು.

"ಇದು ಮಾತಿನ ಆಟ!" ಸಿಂಗಣಯ್ಯ ಕೆಂಪಾದ. ಕೂಗುವ ಹಾಗಿಲ್ಲ, ಹಲ್ಲು ಕಚ್ಚಿಕೊಂಡು ಹೇಳಿದ. "ದೀಪದ ಗೂಡು ಬೇರೆ, ಹಕ್ಕಿಯ ಗೂಡು ಬೇರೆ. ಕಡ್ಡಿ ಇದ್ದರೇ ನಿಜವಾದ ಗೂಡು."

"ಹೌದಾ?" ಅಂದಳು ಮೂಕಕ್ಕ. ಅವಳಿಗೆ ಈಗ ಎದೆಯೂ ತುಂಬಿತ್ತು, ಬಾಯಿಯೂ ಬಂದಿತ್ತು. "ಹಾಗಾದರೆ ಪ್ರಧಾನಿಗಳ ಮನೆಯ ಗೂಡು ಯಾಕೆ ಸುಳ್ಳಾಗಿರಬೇಕು? ಒಡೆಯರು ಅಪ್ಪಣೆ ಕೊಡಲಿ. ಇವತ್ತು ಸಂಜೆ ಅವರ ಮನೆಯ ಗೂಡುಗಳಿಗೆಲ್ಲ ಒಣಕಡ್ಡಿ, ತೆಂಗಿನ ನಾರು ತುಂಬಿಸುವ. ಆಮೇಲೆ ಅದರಲ್ಲಿ ದೀಪ ಇಡುವ. ನಿಜವಾದ ಗೂಡಾಗಲಿ."

"ಆಗಲಿ" ಅಂದರು ಅರಸರು.

"ಅಯ್ಯಯ್ಯೋ, ಬೇಡ ಒಡೆಯರೇ!" ಸಿಂಗಣಯ್ಯ ಎರಡು ಕೈಯನ್ನೂ ಮುಗಿದ. "ದೀಪದ ಗೂಡಿಗೆ ಕಡ್ಡಿ ತುಂಬಿದರೆ ಮನೆ ಸುಟ್ಟು ಬೂದಿಯಾಗುತ್ತದೆ! ಎಲ್ಲ ಗೂಡಿಗೂ ಕಡ್ಡಿ ಇಡುತ್ತಾರೆಯೇ? ದೀಪಕ್ಕೆ ಬೇಕಾದದ್ದು ಬರಿಯ ಕುಳಿ!"

"ಎಲ್ಲ ಗೂಡಿಗೂ ಕಡ್ಡಿ ಇಡುವುದಿಲ್ಲ" ಅಂತ ಅವನ ಮಾತನ್ನೇ ಮೂಕಕ್ಕ ನಿಧಾನವಾಗಿ ತಿರುಗಿ ಹೇಳಿದಳು. "ಕಡ್ಡಿ ಇಟ್ಟರೆ ನಿಮ್ಮ ದೀಪಕ್ಕೆ ಬೆಂಕಿಯ ಭಯ. ಈ ಬೋಳು ಬಂಡೆಯಲ್ಲಿ ಕಡ್ಡಿ ಇಟ್ಟರೆ ಮೊಟ್ಟೆಗೆ ಗಿಡುಗನ ಭಯ. ಮೇಲಿನಿಂದ ನೋಡಿದವನಿಗೆ ಇಲ್ಲೊಂದು ಮನೆ ಉಂಟು ಅಂತ ಕೈತೋರಿಸಿದ ಹಾಗೆ. ಗರಸಿನಲ್ಲಿ ಗರಸಾಗಿ ಇದ್ದರೆ ಮೊಟ್ಟೆ ಉಳೀತದೆ. ಅವು ಕಟ್ಟಲು ಬಾರದೆ ಬಿಟ್ಟದ್ದಲ್ಲ ಪ್ರಧಾನಿಗಳೇ, ಕಟ್ಟಬಾರದು ಅಂತ ತಿಳಿದು ಬಿಟ್ಟದ್ದು!"

ಸಿಂಗಣಯ್ಯನ ಮುಖ ಹರಳೆಣ್ಣೆ ಕುಡಿದವನ ಮುಖವಾಯಿತು. ಗೂಡಿಗೆ ಕುಳಿ ಸಾಕು ಅಂತ ತನ್ನ ಬಾಯಿಂದ ತಾನೇ ಹೇಳಿಬಿಟ್ಟಿದ್ದ.

ನಾಗರಸರು ಗೊರಬಿನೊಳಗಿಂದಲೇ ತೀರ್ಪು ಕೊಟ್ಟರು. ಸಿಂಹಾಸನದ ಮೇಲೆ ಕೂತು ಕೊಟ್ಟ ಯಾವ ತೀರ್ಪೂ ಅವರಿಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ. "ಸಿಂಗಣಯ್ಯ, ಆಡಿದ ಮಾತಿನಂತೆ ಪಟ್ಟ ಬಿಡಿ. ನಿಮಗೆ ಈ ನಡುಗಡ್ಡೆಯ ಗಾಳಿ ಬೇಕಿತ್ತಲ್ಲ? ಸಿಗಲಿ. ಇಲ್ಲಿ ಕುಡಿಯುವ ನೀರಿಲ್ಲ. ಪ್ರತಿ ಬೇಸಿಗೆ ಮೂಕಕ್ಕನಿಗೆ ದಂಡೆಯಿಂದ ನೀರಿನ ಕೊಡ ಹೊತ್ತು ತರುವ ಕೆಲಸ ನಿಮ್ಮದು. ಬರುವುದು ತೆವಳಿಕೊಂಡೇ."

ನಾರ್ಣಾಚಾರಿ ಸದ್ದಿಲ್ಲದೆ ಹೋಗಿ ಗುದ್ದಲಿಗಳನ್ನೆಲ್ಲ ಒಟ್ಟುಗೂಡಿಸಿ, ಗೋಣಿ ಸುತ್ತಿ ದೋಣಿಯ ತಳಕ್ಕೆ ಹಾಕಿದ.

"ಮೂಕಕ್ಕ, ನಿನಗೆ ಏನು ಬೇಕು ಕೇಳು" ಅಂದರು ಅರಸರು.

"ನನಗೆ ಎಂತದೂ ಬೇಡ. ಬಿಸಿಲೇರ್ತಾ ಉಂಟು. ಮೆಲ್ಲಗೆ ಏಳಿ ಒಡೆಯಾ, ಹಕ್ಕಿ ಎದ್ದೀತು."

ಅರಸರು ಮಾತು ಕೇಳಿದರು. ಒಂದು ಹಕ್ಕಿಯೂ ಏಳಲಿಲ್ಲ.

ದಂಡೆ ಮುಟ್ಟಿದ ಮೇಲೆ ಮೂಕಕ್ಕನ ಬಾಯಿಗೆ ಕಟ್ಟು ಎಲ್ಲಿತ್ತು? ನೀರಿಗೆ ಇಳಿಯುವ ಮೊದಲೇ ದೋಣಿಯಲ್ಲಿ ಎದ್ದು ನಿಂತು ಕೂಗಿದಳು: "ಬೋಳುಕಲ್ಲಿನಲ್ಲಿ ಗೂಡು ಉಂಟು!" ದಂಡೆಯಲ್ಲಿದ್ದ ಮೀನುಗಾರರು ಹೋ ಎಂದರು. ಮುದುಕಿಯರು ಕಣ್ಣೊರೆಸಿಕೊಂಡರು. ಗಂಡಸರು ಬಲೆ ಎತ್ತಿಕೊಂಡು ದೋಣಿಗಳ ಕಡೆ ಓಡಿದರು. ನಡುನೀರಿನಲ್ಲಿ ರೀವಗಳು ಆಗಲೇ ಎರಗುತ್ತಿದ್ದವು. ಅಳಿವೆಕೋಟೆಯಲ್ಲಿ ಹುಟ್ಟಿದ್ದಕ್ಕೆ ಅಂದು ಹೆಮ್ಮೆಪಡದವನು ಒಬ್ಬನೇ, ಅವನು ಕೊಡ ಹುಡುಕುತ್ತಿದ್ದ.

ಅಂದಿನಿಂದ ಅಳಿವೆಕೋಟೆಯ ಕಟ್ಟಳೆಗೆ ಒಂದು ಮಾತು ಹೆಚ್ಚಾಯಿತು. "ಗೂಡಿದ್ದಲ್ಲಿ ಗುದ್ದಲಿ ಇಲ್ಲ. ಯಾವುದು ಗೂಡು ಅನ್ನುವುದನ್ನು ಹಕ್ಕಿ ಹೇಳಲಿ."

ಕೇಳಿದಿರಲ್ಲ ಮಕ್ಕಳೇ? ನಿಮ್ಮ ಮನೆಯ ಹಾಗಿಲ್ಲ ಅಂತ ಇನ್ನೊಬ್ಬರ ಮನೆಯನ್ನು ಮನೆಯೇ ಅಲ್ಲ ಅನ್ನಬೇಡಿ. ಒಂದು ಜೀವ ಹೇಗೆ ಬದುಕುತ್ತದೆ ಅಂತ ತಿಳಿಯಬೇಕಾದರೆ ಅದರ ಪಕ್ಕ ಬಾಯಿ ಮುಚ್ಚಿ, ಕಣ್ಣು ಬಿಟ್ಟು, ತಾಳ್ಮೆಯಿಂದ ಕೂರಬೇಕು. ಹಾಗೆ ಕೂತವರ ಮಾತು ಗೆಲ್ಲುತ್ತದೆ. ಇಲ್ಲಿಗೆ ನನ್ನ ಕಥೆ ದಡ ಸೇರಿತು, ನೀವು ನಿಮ್ಮ ನಿಮ್ಮ ಗೂಡು ಸೇರಿ.